ಡಿಫೆನ್ಸ್ ಡೀಲ್ ಸುದ್ದಿ ಓದುವುದು ಹೇಗೆ: ವಾಯುಪಡೆಗೆ ವಿಮಾನ ಬರುವ ದಾರಿ, ದುಡ್ಡು ಹೋಗುವ ದಾರಿ

ಯುದ್ಧವಿಮಾನಗಳನ್ನು ವಾಯುಪಡೆ ತಾನೇ ಕೊಳ್ಳುವುದಿಲ್ಲ. ಇಂಥದ್ದು ಬೇಕು ಅಂತ ಕೇಳುತ್ತದೆ, ತಂದಿದ್ದನ್ನು ಹಾರಿಸಿ ನೋಡುತ್ತದೆ, ಸರಿಯಿದ್ದರೆ ಸರಿ ಅನ್ನುತ್ತದೆ. ಕೊಳ್ಳುವುದು ದೆಹಲಿಯ ರಕ್ಷಣಾ ಸಚಿವಾಲಯದಲ್ಲಿರುವ ಅಕ್ವಿಸಿಷನ್ ವಿಂಗ್. ಬಿಲ್ ಪಾವತಿ ಮಾಡುವುದು ಡಿಫೆನ್ಸ್ ಅಕೌಂಟ್ಸ್ ಇಲಾಖೆ. ಬೇಕು ಅನ್ನುವವರು ಬೇರೆ, ಕೊಳ್ಳುವವರು ಬೇರೆ, ದುಡ್ಡು ಎಣಿಸಿ ಕೊಡುವವರು ಬೇರೆ. ಪೇಪರಿನಲ್ಲಿ ಬರುವ ಸುದ್ದಿ ಈ ಮೂವರಲ್ಲಿ ಯಾರ ಮೇಜಿನಿಂದ ಹೊರಟಿದ್ದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ವಾಯುಪಡೆಯಲ್ಲಿ ಲಾಜಿಸ್ಟಿಕ್ಸ್ ಕೆಲಸದಲ್ಲಿದ್ದು ನಿವೃತ್ತನಾದವನು. ವಿಮಾನ ಹಾರಿಸಿದವನಲ್ಲ, ರಿಪೇರಿ ಮಾಡಿದವನೂ ಅಲ್ಲ. ಬಿಡಿಭಾಗ ತರಿಸಿ, ಲೆಕ್ಕ ಇಟ್ಟು, ಕೇಳಿದವರಿಗೆ ಕೊಟ್ಟವನು. ಆ ಕೆಲಸದಲ್ಲಿದ್ದವರಿಗೆ ಒಂದು ಅಭ್ಯಾಸ ಬಂದುಬಿಡುತ್ತದೆ. ಯಾವ ದೊಡ್ಡ ಅಂಕಿ ಕೇಳಿದರೂ ಮೊದಲು ಬರುವ ಪ್ರಶ್ನೆ: ಯಾವ ಹೆಡ್ಡಿನಿಂದ (ಅಂದರೆ ಯಾವ ಲೆಕ್ಕದ ಖಾತೆಯಿಂದ), ಯಾವ ವರ್ಷ, ವೋಚರ್ ಎಲ್ಲಿ?

ನಮ್ಮ ಅಕ್ಕನ ಮಗ ಹಾಗಲ್ಲ. ಅವನಿಗೆ ವಿಮಾನ ಅಂದರೆ ಪ್ರಾಣ. 2023ರ ನವೆಂಬರ್ 30ರ ರಾತ್ರಿ "ಮಾಮಾ, ಇನ್ನೂ 97 ತೇಜಸ್ ತಗೊಂಡ್ರಂತೆ!" ಅಂತ ಮೆಸೇಜ್ ಹಾಕಿದ. "ತಗೊಂಡಿಲ್ಲಪ್ಪ, ತಗೊಳ್ಳೋಣ ಅಂದಿದ್ದಾರೆ" ಅಂತ ಉತ್ತರ ಬರೆದೆ. ಬೇಜಾರಾದ. ಆದರೆ ಆ 97 ವಿಮಾನಗಳ ಕತೆಯನ್ನೇ ಹಿಡಿದುಕೊಂಡು ಹೋದರೆ ಇಡೀ ದಾರಿ ಅರ್ಥವಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಸುದ್ದಿಯಲ್ಲಿರುವ ಕ್ರಿಯಾಪದ ನೋಡಿ

ಅಂಕಿ ಆಮೇಲೆ ನೋಡಿ. ಮೊದಲು ಯಾರು ಏನು ಮಾಡಿದರು ಅನ್ನುವುದನ್ನು ಹುಡುಕಿ.

ಅವತ್ತು ಆಗಿದ್ದು ಇಷ್ಟು. ರಕ್ಷಣಾ ಸಚಿವರ ಅಧ್ಯಕ್ಷತೆಯ ಡಿಫೆನ್ಸ್ ಅಕ್ವಿಸಿಷನ್ ಕೌನ್ಸಿಲ್, ಅಂದರೆ ಡಿಎಸಿ, ಸಭೆ ಸೇರಿತು. 97 ತೇಜಸ್ ಮಾರ್ಕ್-1ಎ ವಿಮಾನಗಳ ಅಗತ್ಯ ಇದೆ ಅಂತ ಒಪ್ಪಿಗೆ ಕೊಟ್ಟಿತು. ಇದಕ್ಕೆ ಎಒಎನ್ ಅನ್ನುತ್ತಾರೆ. ಮನೆಯಲ್ಲಿ 'ಹುಡುಗನಿಗೆ ಸಂಬಂಧ ನೋಡೋಣ' ಅಂತ ಎಲ್ಲರೂ ಒಪ್ಪಿದರೆ ಹೇಗೋ ಹಾಗೆ. ಛತ್ರ ಗೊತ್ತು ಮಾಡುವುದಕ್ಕೆ ಇನ್ನೂ ಬಹಳ ದೂರ ಇದೆ.

ಆಮೇಲೆ 2024ರ ಏಪ್ರಿಲ್‌ನಲ್ಲಿ, ತೇಜಸ್ ತಯಾರಿಸುವ ಎಚ್‌ಎಎಲ್‌ಗೆ ಟೆಂಡರ್ ಹೋಯಿತು. ಇದು ಆರ್‌ಎಫ್‌ಪಿ. ಎಚ್‌ಎಎಲ್ ತನ್ನ ಬೆಲೆ ಹೇಳಿತು, ಚೌಕಾಸಿ ನಡೆಯಿತು. 2025ರ ಆಗಸ್ಟ್‌ನಲ್ಲಿ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿ ಒಪ್ಪಿತು. ಸೆಪ್ಟೆಂಬರ್ 25ರಂದು ಒಪ್ಪಂದಕ್ಕೆ ಸಹಿ ಬಿತ್ತು: 68 ಒಂದು ಸೀಟಿನ ಫೈಟರ್, 29 ಎರಡು ಸೀಟಿನವು, ತೆರಿಗೆ ಬಿಟ್ಟು 62,370 ಕೋಟಿ ರೂಪಾಯಿ. ಮರುದಿನವೇ ಚಂಡೀಗಢದಲ್ಲಿ ಮಿಗ್-21ಗೆ ವಿದಾಯ ಹೇಳಿದರು. ಹೊಸ ವಿಮಾನ ಬರಲು ಶುರುವಾಗುವುದು 2027-28ರಲ್ಲಿ, ಎಲ್ಲಾ ಬಂದು ಮುಗಿಯಲು ಆರು ವರ್ಷ.

ಅಂದರೆ ಒಂದೇ 97 ವಿಮಾನ ನಾಲ್ಕು ಸಲ ಸುದ್ದಿಯಾದವು: ಡಿಎಸಿ ಒಪ್ಪಿದಾಗ, ಟೆಂಡರ್ ಹೋದಾಗ, ಸಂಪುಟ ಸಮಿತಿ ಒಪ್ಪಿದಾಗ, ಸಹಿ ಬಿದ್ದಾಗ. ಪ್ರತಿ ಸಲವೂ ಹೊಸದಾಗಿ ಕೊಂಡ ಹಾಗೆ ತಲೆಬರಹ. ನಮ್ಮ ಹುಡುಗನ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ವಾಯುಪಡೆಗೆ ನಾನೂರು ತೇಜಸ್ ಬಂದಿರಬೇಕು!

ಇದು ಬೇಗ ಆದ ಕೇಸು, ನೆನಪಿರಲಿ. ಇದರ ಹಿಂದಿನ 83 ತೇಜಸ್‌ಗಳ ಕತೆ ನೋಡಿ. ಡಿಎಸಿ ಒಪ್ಪಿದ್ದು 2016ರ ನವೆಂಬರ್‌ನಲ್ಲಿ. ಟೆಂಡರ್ ಹೋದದ್ದು 2017ರ ಡಿಸೆಂಬರ್‌ನಲ್ಲಿ. ಬೆಲೆಯ ಮಾತು ಎಳೆದು ಎಳೆದು 2020ರ ಮಾರ್ಚ್‌ನಲ್ಲಿ ವಿಷಯ ಮತ್ತೆ ಡಿಎಸಿ ಮುಂದೆ ಬಂತು. ಸಂಪುಟ ಸಮಿತಿ ಒಪ್ಪಿದ್ದು 2021ರ ಜನವರಿ 13ಕ್ಕೆ. ಫೆಬ್ರವರಿ 3ರಂದು ಯಲಹಂಕದ ಏರೋ ಇಂಡಿಯಾದಲ್ಲಿ ಒಪ್ಪಂದದ ಪತ್ರ ಕೈ ಬದಲಾಯಿತು. ಮೂರು ವರ್ಷಕ್ಕೆ, ಅಂದರೆ 2024ರ ಆರಂಭಕ್ಕೆ ಮೊದಲ ವಿಮಾನ ಬರಬೇಕಿತ್ತು. ಆದರೆ ಅದಕ್ಕೆ ಹಾಕಬೇಕಾದ ಅಮೆರಿಕದ ಜಿಇ ಕಂಪನಿಯ ಎಂಜಿನ್‌ಗಳಲ್ಲಿ ಮೊದಲನೆಯದು ಹೊರಟಿದ್ದೇ 2025ರ ಮಾರ್ಚ್‌ನಲ್ಲಿ. ಎಂಜಿನ್ ಇಲ್ಲದೆ ಬಾಡಿ ಎಷ್ಟು ರೆಡಿ ಇದ್ದರೇನು?

ಹಾಗಾಗಿ ಸಹಿ ಬಿದ್ದ ಸುದ್ದಿ ಓದುವಾಗ ಎಂಜಿನ್ ಯಾರದು, ಅದಕ್ಕೆ ಬೇರೆ ಒಪ್ಪಂದ ಆಗಿದೆಯಾ ಅಂತಲೂ ನೋಡಿ. 97 ವಿಮಾನಗಳ ವಿಷಯದಲ್ಲಿ ಎಚ್‌ಎಎಲ್ ಜಿಇ ಜೊತೆ 113 ಎಂಜಿನ್‌ಗಳಿಗೆ ಸಹಿ ಹಾಕಿದ್ದು 2025ರ ನವೆಂಬರ್‌ನಲ್ಲಿ. ವಿಮಾನದ ಒಪ್ಪಂದ ಆದ ಮೇಲೆ.

ಡಿಎಸಿಗಿಂತ ಮುಂಚೆಯೂ ಒಂದು ಸುದ್ದಿ ಬರುತ್ತದೆ. ಅದು ಆರ್‌ಎಫ್‌ಐ. 'ನಿಮ್ಮ ಹತ್ತಿರ ಏನಿದೆ ಹೇಳಿ' ಅಂತ ಕಂಪನಿಗಳನ್ನು ವಿಚಾರಿಸುವ ಪತ್ರ. 2018ರ ಏಪ್ರಿಲ್‌ನಲ್ಲಿ ಸುಮಾರು 110 ಫೈಟರ್‌ಗಳಿಗೆ ಹೀಗೆ ಆರ್‌ಎಫ್‌ಐ ಹೊರಟಿತು. ಟಿವಿಯಲ್ಲಿ ವಾರಗಟ್ಟಲೆ ಯಾವ ವಿಮಾನ ಒಳ್ಳೆಯದು ಅಂತ ಚರ್ಚೆ ಆಯಿತು. ಆಮೇಲೆ ವರ್ಷಗಟ್ಟಲೆ ಅದು ಕಾಗದದ ಮೇಲೇ ಇತ್ತು. ಆರ್‌ಎಫ್‌ಐ ಸುದ್ದಿ ಬಂದರೆ ಓದಿ, ಸಂತೋಷಪಡಿ, ಸುಮ್ನೆ ಪಕ್ಕಕ್ಕಿಡಿ. ಎಒಎನ್‌ಗೂ ಆಯಸ್ಸು ಇರುತ್ತದೆ. ಗೊತ್ತು ಮಾಡಿದ ಅವಧಿಯೊಳಗೆ ಟೆಂಡರ್ ಹೊರಡದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಕೇಳಬೇಕು. ಬಿದ್ದುಹೋದದ್ದು ಮಾತ್ರ ಯಾವ ಪೇಪರಿನಲ್ಲೂ ಬರುವುದಿಲ್ಲ.

ಈ ಎಲ್ಲಾ ಮೆಟ್ಟಿಲುಗಳು ಡಿಫೆನ್ಸ್ ಅಕ್ವಿಸಿಷನ್ ಪ್ರೊಸೀಜರ್ ಅನ್ನುವ ದಪ್ಪ ಪುಸ್ತಕದಲ್ಲಿವೆ. ಅದರ 2020ರ ಆವೃತ್ತಿ ಆ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ರಕ್ಷಣಾ ಸಚಿವಾಲಯದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪೂರ್ತಿ ಓದಬೇಕಾಗಿಲ್ಲ. ಮೊದಲ ಎರಡು ಅಧ್ಯಾಯ ಸಾಕು. ಅದರಲ್ಲಿ ಖರೀದಿಯ ವರ್ಗಗಳು ಬರುತ್ತವೆ: ನಮ್ಮಲ್ಲೇ ವಿನ್ಯಾಸ ಮಾಡಿ ನಮ್ಮಲ್ಲೇ ತಯಾರಿಸಿದ್ದಕ್ಕೆ ಮೊದಲ ಮಣೆ, ಹೊರಗಿನಿಂದ ನೇರವಾಗಿ ತರುವುದಕ್ಕೆ ಕೊನೆಯ ಜಾಗ.

ಟೆಂಡರ್ ಮತ್ತು ಟ್ರಯಲ್: ತಡ ಆಗುವುದು ಎಲ್ಲಿ

ಆರ್‌ಎಫ್‌ಪಿ ಹೋದ ಮೇಲೆ ಕಂಪನಿಗಳು ಎರಡು ಲಕೋಟೆ ಕೊಡುತ್ತವೆ. ಒಂದರಲ್ಲಿ ತಾಂತ್ರಿಕ ವಿವರ, ಇನ್ನೊಂದರಲ್ಲಿ ಬೆಲೆ. ಬೆಲೆಯ ಲಕೋಟೆಯನ್ನು ಆಗಲೇ ತೆರೆಯುವುದಿಲ್ಲ. ಮೊದಲು ತಾಂತ್ರಿಕ ಸಮಿತಿ ಕೂತು, ವಾಯುಪಡೆ ಬರೆದುಕೊಟ್ಟ ಬೇಡಿಕೆ ಪಟ್ಟಿಗೆ ಸಾಲು ಸಾಲಾಗಿ ಹೋಲಿಸುತ್ತದೆ. ಅದು ಮುಗಿದ ಮೇಲೆ ಟ್ರಯಲ್. ಕಂಪನಿಯವರು ತಮ್ಮ ಖರ್ಚಿನಲ್ಲೇ ತಂದು ತೋರಿಸಬೇಕು. ಪಾಸಾದರೂ ಕೊಂಡೇ ಕೊಳ್ಳುತ್ತೇವೆ ಅಂತ ಯಾರೂ ಮಾತು ಕೊಟ್ಟಿರುವುದಿಲ್ಲ. ಪಾಸಾದವರ ಬೆಲೆ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಯಾರದು ಕಡಿಮೆಯೋ ಅವರು ಎಲ್-1. ಅವರ ಜೊತೆ ಮಾತ್ರ ಚೌಕಾಸಿ.

ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಈಗ 126 ಫೈಟರ್ ವಿಮಾನಗಳ ಕತೆ ಕೇಳಿ.

2007ರ ಆಗಸ್ಟ್‌ನಲ್ಲಿ ಟೆಂಡರ್ ಹೊರಟಿತು. ಆರು ಕಂಪನಿಗಳು ಬಂದವು: ಫ್ರಾನ್ಸಿನ ರಫೇಲ್, ಯುರೋಪಿನ ಟೈಫೂನ್, ರಷ್ಯಾದ ಮಿಗ್-35, ಅಮೆರಿಕದ ಎಫ್-16 ಮತ್ತು ಎಫ್/ಎ-18, ಸ್ವೀಡನ್ನಿನ ಗ್ರಿಪೆನ್. ಟ್ರಯಲ್‌ಗೆ ಮೂರು ಜಾಗ ಆರಿಸಿದ್ದರು. ಬೆಂಗಳೂರು, ಮರಳುಗಾಡಿನ ಸೆಕೆಗೆ ಜೈಸಲ್ಮೇರ್, ಎತ್ತರ ಮತ್ತು ಚಳಿಗೆ ಲೇಹ್. ಎತ್ತರದಲ್ಲಿ ಗಾಳಿ ತೆಳು, ಎಂಜಿನ್‌ಗೆ ದಮ್ಮು ಸಾಲುವುದಿಲ್ಲ. ಕೆಲವು ವಿಮಾನಗಳ ಬಣ್ಣ ಅಲ್ಲಿ ಬಯಲಾಗುತ್ತದೆ. 2011ರ ಏಪ್ರಿಲ್‌ಗೆ ರಫೇಲ್ ಮತ್ತು ಟೈಫೂನ್ ಎರಡು ಉಳಿದವು. 2012ರ ಜನವರಿ 31ಕ್ಕೆ ರಫೇಲ್ ಎಲ್-1 ಅಂತ ಆಯಿತು.

ಅಲ್ಲಿಂದ ಮುಂದೆ ಮೂರು ವರ್ಷ ಬರೀ ಮಾತುಕತೆ. 126ರಲ್ಲಿ 18 ಫ್ರಾನ್ಸಿನಿಂದ ಬರಬೇಕಿತ್ತು, ಉಳಿದ 108 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. ಇಲ್ಲಿ ತಯಾರಾದ ವಿಮಾನಕ್ಕೆ ಗ್ಯಾರಂಟಿ ಯಾರದು, ಎಷ್ಟು ಮನುಷ್ಯ-ಗಂಟೆ ಬೇಕು ಅನ್ನುವುದರಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ಕೊನೆಗೆ 2015ರಲ್ಲಿ ಇಡೀ ಟೆಂಡರನ್ನೇ ಕೈಬಿಟ್ಟರು. ಅದರ ಬದಲು ಎರಡು ಸರ್ಕಾರಗಳ ನಡುವೆ ನೇರ ಒಪ್ಪಂದ: 2016ರ ಸೆಪ್ಟೆಂಬರ್ 23ರಂದು 36 ರಫೇಲ್‌ಗೆ ಸಹಿ, ಸುಮಾರು 787 ಕೋಟಿ ಯೂರೋ. ಮೊದಲ ಐದು ಅಂಬಾಲಾದಲ್ಲಿ ಇಳಿದದ್ದು 2020ರ ಜುಲೈ 29ಕ್ಕೆ.

ಟೆಂಡರ್ ಹೊರಟಾಗ ಒಂದನೇ ಕ್ಲಾಸಿಗೆ ಸೇರಿದ ಮಗು ಆ ಹೊತ್ತಿಗೆ ಪಿಯುಸಿ ಮುಗಿಸಿತ್ತು. ರಾಜಕೀಯದವರು ಈ ವಿಷಯದಲ್ಲಿ ಜಗಳ ಆಡಿದ್ದು ಸಾಕಷ್ಟಿದೆ, ಅದಕ್ಕೆ ನಾನು ಹೋಗುವುದಿಲ್ಲ. ಸ್ಟೋರ್ಸ್‌ನವನಾಗಿ ನನಗೆ ಕಾಣುವುದು ಒಂದೇ. ಬೆಲೆ ಕಡಿಮೆ ಯಾರದು ಅಂತ ಹೇಳುವುದು ಸುಲಭ. ಆದರೆ ಕೊಂಡು, ಇಲ್ಲಿ ಜೋಡಿಸಿ, ಮೂವತ್ತು ನಲವತ್ತು ವರ್ಷ ಹಾರಿಸುವುದಕ್ಕೆ ಎಷ್ಟು ಬೀಳುತ್ತದೆ ಅಂತ ಲಕೋಟೆಯಲ್ಲಿ ಬರೆಯುವುದು ಕಷ್ಟ. ಆ ಟೆಂಡರಿನಲ್ಲಿ ಇಡೀ ಆಯಸ್ಸಿನ ಖರ್ಚನ್ನು ಲೆಕ್ಕ ಹಾಕುವ ಪ್ರಯತ್ನ ಮಾಡಿದ್ದರು. ಪ್ರಯತ್ನ ಸರಿಯಾದದ್ದೇ. ಲೆಕ್ಕದ ಮೇಲೆ ಜಗಳವೂ ಅಷ್ಟೇ ಜಾಸ್ತಿ ಆಯಿತು.

ಇನ್ನೊಂದು ತೊಂದರೆ ಒಬ್ಬರೇ ಉಳಿಯುವುದು. ಹಳೇ ಆವ್ರೋ ವಿಮಾನಗಳ ಬದಲಿಗೆ 56 ಸಾಗಣೆ ವಿಮಾನ ಬೇಕು ಅಂತ 2013ರಲ್ಲಿ ಟೆಂಡರ್ ಹೋಯಿತು. ಬಂದದ್ದು ಏರ್‌ಬಸ್ ಮತ್ತು ಟಾಟಾ ಜೋಡಿಯ ಸಿ-295 ಒಂದೇ. ಒಬ್ಬರೇ ಇದ್ದರೆ ಎಲ್-1 ಅನ್ನುವುದಕ್ಕೆ ಅರ್ಥವೇ ಇಲ್ಲ, ಫೈಲು ಮೇಲೆ ಕೆಳಗೆ ಓಡಾಡುತ್ತದೆ. ಸಹಿ ಬಿದ್ದದ್ದು 2021ರ ಸೆಪ್ಟೆಂಬರ್ 24ಕ್ಕೆ. ಹದಿನಾರು ಸ್ಪೇನಿನಿಂದ, ನಲವತ್ತು ವಡೋದರಾದಲ್ಲಿ.

ಒಪ್ಪಿಗೆ ಯಾರು ಕೊಡಬೇಕು ಅನ್ನುವುದು ಮೊತ್ತದ ಮೇಲೆ ಹೋಗುತ್ತದೆ. ರಕ್ಷಣಾ ಸಚಿವರಿಗೆ 2,000 ಕೋಟಿವರೆಗೆ ಅಧಿಕಾರ. ಅಲ್ಲಿಂದ 3,000 ಕೋಟಿವರೆಗೆ ಹಣಕಾಸು ಸಚಿವರೂ ಒಪ್ಪಬೇಕು. ಅದಕ್ಕಿಂತ ಮೇಲಿದ್ದರೆ ಸಂಪುಟ ಸಮಿತಿ. ಈಗ ಹೊಸ ಫೈಟರ್ ವಿಮಾನದ ಕೇಸು 3,000 ಕೋಟಿಗಿಂತ ಕೆಳಗೆ ಬರುವುದು ಅಪರೂಪ. ಹಾಗಾಗಿ ಸಂಪುಟ ಸಮಿತಿಯ ಹೆಸರು ಸುದ್ದಿಯಲ್ಲಿ ಇಲ್ಲ ಅಂದರೆ ಅದು ಇನ್ನೂ ಖರೀದಿ ಆಗಿಲ್ಲ ಅಂತಲೇ ಹಿಡಿಯಿರಿ.

ದುಡ್ಡು ಎಲ್ಲಿಂದ: ಬಜೆಟ್ ತೆರೆದು ನೋಡುವುದು

ಫೆಬ್ರವರಿ 1ರಂದು ಟಿವಿಯವರು ರಕ್ಷಣೆಗೆ ಇಷ್ಟು ಲಕ್ಷ ಕೋಟಿ ಅಂತ ಹೇಳಿಬಿಡುತ್ತಾರೆ. ಅದನ್ನು ಕೇಳಿ ಇಷ್ಟೂ ದುಡ್ಡಿಗೆ ವಿಮಾನ, ಹಡಗು ಬರುತ್ತವೆ ಅಂದುಕೊಳ್ಳಬೇಡಿ. ಕೇಂದ್ರ ಬಜೆಟ್ಟಿನ ವೆಬ್‌ಸೈಟಿಗೆ ಹೋಗಿ. ವೆಚ್ಚದ ಬಜೆಟ್ ಅನ್ನುವ ಭಾಗ ತೆರೆಯಿರಿ. ರಕ್ಷಣಾ ಸಚಿವಾಲಯದ್ದು ನಾಲ್ಕು ಬೇಡಿಕೆಗಳಿರುತ್ತವೆ, ಅಂದರೆ ಇಂಥದ್ದಕ್ಕೆ ಇಷ್ಟು ದುಡ್ಡು ಬೇಕು ಅಂತ ಸಂಸತ್ತನ್ನು ಕೇಳುವ ಪಟ್ಟಿಗಳು. 2025-26ರಲ್ಲಿ ಅವು 19ರಿಂದ 22ರವರೆಗಿನ ನಂಬರುಗಳು: ಸಚಿವಾಲಯದ ನಾಗರಿಕ ಖರ್ಚು, ಸೇನೆಗಳ ಕಂದಾಯ ವೆಚ್ಚ, ಬಂಡವಾಳ ವೆಚ್ಚ, ಪಿಂಚಣಿ.

ಆ ವರ್ಷದ ಒಟ್ಟು 6,81,210 ಕೋಟಿಯನ್ನೇ ಬಿಡಿಸಿ ನೋಡೋಣ. ಸಂಬಳ, ಇಂಧನ, ರೇಷನ್, ಬಿಡಿಭಾಗ, ರಿಪೇರಿ ಎಲ್ಲಾ ಸೇರಿದ ಕಂದಾಯ ವೆಚ್ಚ 3,11,732 ಕೋಟಿ. ಪಿಂಚಣಿ 1,60,795 ಕೋಟಿ, ಅದರಲ್ಲಿ ನನ್ನದೂ ಒಂದು ಚೂರು ಇದೆ. ನಾಗರಿಕ ಸಂಸ್ಥೆಗಳಿಗೆ 28,683 ಕೋಟಿ. ಉಳಿದದ್ದು ಬಂಡವಾಳ ವೆಚ್ಚ, 1,80,000 ಕೋಟಿ. ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ.

ಆ 1,80,000 ಕೋಟಿಯಲ್ಲೂ 31,277 ಕೋಟಿ ಸಂಶೋಧನೆ ಮತ್ತು ಕಟ್ಟಡ, ರನ್‌ವೇ ಥರದ ಕೆಲಸಕ್ಕೆ ಹೋಗುತ್ತದೆ. ನಿಜವಾಗಿ ಸಾಮಾನು ಕೊಳ್ಳಲು ಇರುವುದು 1,48,722 ಕೋಟಿ, ಅದೂ ಮೂರೂ ಸೇನೆಗಳಿಗೆ ಸೇರಿ. ಅದರ ಮುಕ್ಕಾಲು ಭಾಗ, 1,11,544 ಕೋಟಿ, ದೇಶದ ಕಂಪನಿಗಳಿಂದಲೇ ಕೊಳ್ಳಬೇಕು ಅಂತ ಮೀಸಲಿಟ್ಟಿದ್ದರು. ಅದೇ ಪುಟದಲ್ಲಿ 'ವಿಮಾನ ಮತ್ತು ಏರೋ ಎಂಜಿನ್' ಅನ್ನುವ ಸಾಲು ಹುಡುಕಿದರೆ 48,614 ಕೋಟಿ ಕಾಣುತ್ತದೆ. ಇದೂ ಮೂರೂ ಸೇನೆಗಳದ್ದು.

ಈಗ 62,370 ಕೋಟಿಯ ತೇಜಸ್ ಒಪ್ಪಂದವನ್ನು ಆ 48,614ರ ಪಕ್ಕದಲ್ಲಿಡಿ. 2025ರ ಮಾರ್ಚ್ 28ರಂದು 156 ಪ್ರಚಂಡ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿಯ ಒಪ್ಪಂದವೂ ಆಗಿತ್ತು, ಭೂಸೇನೆಗೆ 90, ವಾಯುಪಡೆಗೆ 66. ಎರಡೂ ಸೇರಿದರೆ ಒಂದೂಕಾಲು ಲಕ್ಷ ಕೋಟಿ. ಲೆಕ್ಕ ಕೂಡುವುದೇ ಇಲ್ಲವಲ್ಲ?

ಕೂಡುತ್ತದೆ, ಯಾಕೆಂದರೆ ದುಡ್ಡು ಕಂತಿನಲ್ಲಿ ಹೋಗುತ್ತದೆ. ಹತ್ತು ಸಾವಿರ ಕೋಟಿಯ ಒಂದು ಒಪ್ಪಂದ ಅಂದುಕೊಳ್ಳಿ. ಸಹಿ ಆದ ಮೇಲೆ ಮುಂಗಡ, ಸಾಮಾನ್ಯವಾಗಿ ಶೇ 15ರ ಆಸುಪಾಸು, ಅಂದರೆ 1,500 ಕೋಟಿ. ಅದೂ ಬ್ಯಾಂಕ್ ಗ್ಯಾರಂಟಿ ಇಟ್ಟುಕೊಂಡೇ ಕೊಡುವುದು. ಆಮೇಲೆ ಇಂತಿಂಥ ಕೆಲಸ ಮುಗಿದರೆ ಇಂತಿಷ್ಟು. ವಿಮಾನ ಒಂದೊಂದಾಗಿ ಬಂದು, ಪರೀಕ್ಷೆ ಮಾಡಿ ಒಪ್ಪಿಕೊಂಡ ಮೇಲೆ ಅದರ ಪಾಲು. ಹೀಗೆ ಏಳೆಂಟು ವರ್ಷ ಪ್ರತಿ ಬಜೆಟ್ಟಿನಲ್ಲೂ ಆ ಒಪ್ಪಂದಕ್ಕೆ ಒಂದು ಚೂರು ಎತ್ತಿಡಬೇಕು. ಹಳೇ ಒಪ್ಪಂದಗಳ ಈ ಕಂತುಗಳಿಗೆ ಕಮಿಟೆಡ್ ಲಯಬಿಲಿಟಿ ಅಂತ ಹೆಸರು. ಹೊಸದಾಗಿ ಏನನ್ನಾದರೂ ಕೊಳ್ಳಲು ಉಳಿಯುವುದು ಇವನ್ನೆಲ್ಲ ಕೊಟ್ಟು ಮಿಕ್ಕಿದ್ದು.

ಮಿಗದೇ ಇರುವ ವರ್ಷಗಳೂ ಇವೆ. 2018ರ ಮಾರ್ಚ್‌ನಲ್ಲಿ ಆಗಿನ ಭೂಸೇನಾ ಉಪಮುಖ್ಯಸ್ಥರು ಸಂಸದೀಯ ಸ್ಥಾಯಿ ಸಮಿತಿ ಮುಂದೆ ಕೂತು ನೇರವಾಗಿಯೇ ಹೇಳಿದ್ದರು: ಆಧುನೀಕರಣಕ್ಕೆ ಕೊಟ್ಟಿರುವುದು 21,338 ಕೋಟಿ, ಈಗಾಗಲೇ ನಡೆಯುತ್ತಿರುವ 125 ಯೋಜನೆಗಳ ಕಂತೇ 29,033 ಕೋಟಿ ಇದೆ. ಹೊಸದರ ಮಾತು ಬಿಡಿ, ಹಳೇದಕ್ಕೇ ಸಾಲದು. ಸ್ಥಾಯಿ ಸಮಿತಿಯ ವರದಿಗಳು ಲೋಕಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ಮೇಲೆ ಓದಬಹುದಾದ ಅತ್ಯಂತ ಪ್ರಾಮಾಣಿಕ ಕಾಗದ ಅವೇ. ಕೇಳಿದ್ದೆಷ್ಟು, ಕೊಟ್ಟಿದ್ದೆಷ್ಟು, ಖರ್ಚಾದದ್ದೆಷ್ಟು ಅಂತ ಮೂರು ಕಾಲಂ ಹಾಕಿರುತ್ತಾರೆ.

ಮೂರನೇ ಕಾಲಂ ಯಾಕೆ ಮುಖ್ಯ ಅಂದರೆ, ಬಜೆಟ್ಟಿನಲ್ಲಿ ಕೊಟ್ಟ ದುಡ್ಡು ಮಾರ್ಚ್ 31ರ ರಾತ್ರಿಗೆ ಮುಗಿಯಿತು. ಖರ್ಚಾಗದೆ ಉಳಿದರೆ ವಾಪಸ್. ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಳ್ಳುವ ಹಾಗಿಲ್ಲ. ವಿಮಾನ ಕೊಡುವವರು ತಡ ಮಾಡಿದರೆ ಕಂತೂ ತಡ, ಆ ವರ್ಷದ ದುಡ್ಡು ಹಾಗೇ ಉಳಿದುಹೋಗುತ್ತದೆ. 2024-25ರಲ್ಲಿ 1.72 ಲಕ್ಷ ಕೋಟಿ ಅಂತ ಇಟ್ಟಿದ್ದ ಬಂಡವಾಳ ವೆಚ್ಚ, ಪರಿಷ್ಕೃತ ಅಂದಾಜಿನಲ್ಲಿ 1.59 ಲಕ್ಷ ಕೋಟಿಗೆ ಇಳಿದಿತ್ತು. ಅದಕ್ಕೇ ಪ್ರತಿ ಬಜೆಟ್ಟಿನಲ್ಲಿ ಹಿಂದಿನ ವರ್ಷದ ಎರಡೂ ಅಂಕಿಗಳನ್ನು ಪಕ್ಕಪಕ್ಕ ನೋಡಿ. ದುಡ್ಡು ವಾಪಸ್ ಹೋಗದ ಹಾಗೆ ಒಂದು ನಿಧಿ ಇರಲಿ ಅಂತ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿತ್ತು. ಐದು ವರ್ಷಕ್ಕೆ 2,38,354 ಕೋಟಿ ಅಂತ ಲೆಕ್ಕವನ್ನೂ ಕೊಟ್ಟಿತ್ತು. ಒಳ್ಳೆಯ ಯೋಚನೆ. ಶಿಫಾರಸಾಗಿಯೇ ಉಳಿಯಿತು.

ಭಾಗಾಕಾರ ಮಾಡಬೇಡಿ

ಒಪ್ಪಂದದ ಮೊತ್ತವನ್ನು ವಿಮಾನಗಳ ಸಂಖ್ಯೆಯಿಂದ ಭಾಗಿಸಿ 'ಒಂದಕ್ಕೆ ಇಷ್ಟು ಕೋಟಿ' ಅನ್ನುವುದು ನಮ್ಮವರ ಇಷ್ಟದ ಆಟ. ಆ ಮೊತ್ತದಲ್ಲಿ ವಿಮಾನದ ಜೊತೆಗೆ ಇನ್ನೂ ಏನೇನೋ ಇರುತ್ತದೆ. 36 ರಫೇಲ್‌ಗಳ ಬೆಲೆಯಲ್ಲಿ ಕ್ಷಿಪಣಿಗಳು, ನಮ್ಮ ದೇಶಕ್ಕೇ ಅಂತ ಮಾಡಿದ ಬದಲಾವಣೆಗಳು, ಬಿಡಿಭಾಗಗಳು, ಇಂತಿಷ್ಟು ವಿಮಾನ ಸದಾ ಹಾರುವ ಸ್ಥಿತಿಯಲ್ಲಿರಬೇಕು ಅನ್ನುವ ನಿರ್ವಹಣೆಯ ಕರಾರು, ಎಲ್ಲಾ ಸೇರಿತ್ತು. ಒಂದು ದೇಶ ಬರೀ ವಿಮಾನ ಕೊಂಡಿರುತ್ತದೆ, ಇನ್ನೊಂದು ಪೂರ್ತಿ ಸೆಟ್ ಕೊಂಡಿರುತ್ತದೆ. ಎರಡನ್ನೂ ಭಾಗಿಸಿ ಹೋಲಿಸಿದರೆ ಏನು ಸಿಗುತ್ತದೆ? ಜಗಳ ಸಿಗುತ್ತದೆ.

ನಿರ್ವಹಣೆಯ ಕರಾರು ಸೇರಿದೆಯಾ ಅಂತ ಮಾತ್ರ ತಪ್ಪದೆ ನೋಡಿ. ಸೇರಿದ್ದರೆ ಬೆಲೆ ಜಾಸ್ತಿ ಕಂಡರೂ ಪರವಾಗಿಲ್ಲ.

ಸುದ್ದಿಯಾಗದ ಖರೀದಿ

ಇದು ನನ್ನ ಜಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಿಡಿಭಾಗಗಳ ಖರೀದಿ ಕಂದಾಯ ವೆಚ್ಚದ ಕಡೆ ಬರುತ್ತದೆ. ಅದರ ಪುಸ್ತಕವೂ ಬೇರೆ, ಡಿಫೆನ್ಸ್ ಪ್ರೊಕ್ಯೂರ್‌ಮೆಂಟ್ ಮ್ಯಾನುಯಲ್. 2009ರ ಹಳೇ ಆವೃತ್ತಿಯ ಬದಲು ಹೊಸದು 2025ರ ನವೆಂಬರ್ 1ರಿಂದ ಜಾರಿಯಾಗಿದೆ. ಇಲ್ಲಿ ವಾಯುಪಡೆಯೇ ಕೊಳ್ಳುತ್ತದೆ. ನಾಗಪುರದ ಮೇಂಟೆನೆನ್ಸ್ ಕಮಾಂಡ್, ಅದರ ಕೈಕೆಳಗಿನ ರಿಪೇರಿ ಡಿಪೊಗಳು, ಇಕ್ವಿಪ್‌ಮೆಂಟ್ ಡಿಪೊಗಳು, ಸ್ಟೇಷನ್‌ಗಳು, ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂತ ಅಧಿಕಾರ ಹಂಚಿರುತ್ತಾರೆ. ದೊಡ್ಡ ಮೊತ್ತವಾದರೆ ಹಣಕಾಸು ಸಲಹೆಗಾರರ ಒಪ್ಪಿಗೆ ಬೇಕು.

ಒಂದು ರಬ್ಬರ್ ಸೀಲ್ ಅಂದುಕೊಳ್ಳಿ. ಹೈಡ್ರಾಲಿಕ್ ಪೈಪಿನ ಸಂದಿಗೆ ಹಾಕುವ ಬಳೆ ಅಷ್ಟಗಲದ ವಸ್ತು. ಪ್ಯಾಕೆಟ್ಟಿನ ಮೇಲೆ ಪಾರ್ಟ್ ನಂಬರ್ ಜೊತೆಗೆ ಕ್ಯೂರ್ ಡೇಟ್ ಇರುತ್ತದೆ, ಅಂದರೆ ರಬ್ಬರ್ ತಯಾರಾದ ಸಮಯ. ಅಲ್ಲಿಂದ ಇಷ್ಟು ವರ್ಷ ಅಂತ ಅದಕ್ಕೆ ಆಯಸ್ಸು. ದಾಟಿದರೆ ನೋಡಲು ಹೊಸದಾಗಿದ್ದರೂ ಕೊಡುವ ಹಾಗಿಲ್ಲ. ಹಾಗಾಗಿ ಹತ್ತು ವರ್ಷಕ್ಕೆ ಆಗುವಷ್ಟು ತರಿಸಿ ಗೂಡಿನಲ್ಲಿ ತುಂಬಿಡಲೂ ಆಗುವುದಿಲ್ಲ. ಸ್ವಲ್ಪ ಸ್ವಲ್ಪ ತರಿಸೋಣ ಅಂದರೆ ಹೊರದೇಶದ ತಯಾರಕರು 'ಕನಿಷ್ಠ ಇಷ್ಟು ತಗೊಂಡರೆ ಮಾತ್ರ' ಅನ್ನುತ್ತಾರೆ. ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ ಅದೇ ಅಳತೆಗೆ ಮಾಡಿಕೊಡುವವರಿದ್ದಾರೆ, ಆದರೆ ವಿಮಾನಕ್ಕೆ ಹಾಕಬೇಕಾದರೆ ಬೆಂಗಳೂರಿನಲ್ಲೇ ಇರುವ ಸೆಮಿಲಾಕ್ ಸಂಸ್ಥೆಯಿಂದ ಹಾರಾಟಕ್ಕೆ ಯೋಗ್ಯ ಅನ್ನುವ ಪ್ರಮಾಣ ಬೇಕು. ಅದು ಸರಿಯೂ ಹೌದು. ಮೇಲೆ ಹೋದ ಮೇಲೆ ಸೀಲ್ ಕಿತ್ತುಹೋದರೆ ಪೈಲಟ್ ಏನು ಮಾಡಬೇಕು?

ಆ ಸೀಲ್ ಇಲ್ಲದೆ ವಿಮಾನ ನಿಂತರೆ ಎಒಜಿ ಡಿಮ್ಯಾಂಡ್ ಬರುತ್ತದೆ. ವಿಮಾನ ನೆಲದ ಮೇಲಿದೆ, ಬೇರೆಲ್ಲಾ ಬಿಟ್ಟು ಇದನ್ನು ಮೊದಲು ಕೊಡಿ ಅಂತ ಅರ್ಥ. ಆಗ ಯಾವ ಸ್ಟೇಷನ್ನಿನಲ್ಲಿ ಒಂದು ಉಳಿದಿದೆ ಅಂತ ಕಂಪ್ಯೂಟರಿನಲ್ಲಿ ಹುಡುಕುವುದು, ಫೋನ್ ಮಾಡುವುದು, ಆ ಕಡೆ ಹೋಗುವ ಯಾವುದಾದರೂ ಕೊರಿಯರ್ ವಿಮಾನದಲ್ಲಿ ತರಿಸುವುದು. ಎಲ್ಲೂ ಸಿಗದಿದ್ದರೆ ನಿಂತಿರುವ ಇನ್ನೊಂದು ವಿಮಾನದಿಂದ ಬಿಚ್ಚಿ ಇದಕ್ಕೆ ಹಾಕುತ್ತಾರೆ. ಕ್ಯಾನಿಬಲೈಸ್ ಮಾಡುವುದು ಅಂತ ಕರೆಯುತ್ತಾರೆ. ಒಂದು ಹಾರುತ್ತದೆ, ಇನ್ನೊಂದು ಮೂಲೆ ಸೇರುತ್ತದೆ. ಕೋಟಿಗಟ್ಟಲೆ ಬೆಲೆಯ ವಿಮಾನ, ನಿಲ್ಲಿಸಿದ್ದು ಕೆಲವು ಸಾವಿರದ ರಬ್ಬರ್.

ಇದಕ್ಕೆ ದುಡ್ಡು ಸಿಗುವುದು ಕಂದಾಯ ವೆಚ್ಚದ ಸಂಬಳೇತರ ಭಾಗದಲ್ಲಿ. 2025-26ರಲ್ಲಿ ಅದು ಮೂರೂ ಸೇನೆಗಳಿಗೆ ಸುಮಾರು 1.14 ಲಕ್ಷ ಕೋಟಿ ಇತ್ತು. ಇಂಧನ, ರೇಷನ್, ಬಟ್ಟೆ, ಗಾಡಿ, ರಿಪೇರಿ ಎಲ್ಲಾ ಇದರೊಳಗೇ. ಒಂದು ಸೇನೆ ಎಷ್ಟು ಸಜ್ಜಾಗಿದೆ ಅಂತ ನೋಡಬೇಕಾದರೆ ನಾನು ಮೊದಲು ನೋಡುವ ಅಂಕಿ ಇದು. ಹೊಸ ವಿಮಾನದ ಫೋಟೊ ಜೊತೆ ಇದರ ಸುದ್ದಿ ಬರುವುದಿಲ್ಲ, ಹಾಗಾಗಿ ಜನ ನೋಡುವುದಿಲ್ಲ.

ತುರ್ತು ಖರೀದಿ

ಗಡಿಯಲ್ಲಿ ಬಿಸಿ ಏರಿದಾಗ ಈ ಉದ್ದದ ದಾರಿಯನ್ನು ಬಿಟ್ಟು ಅಡ್ಡದಾರಿ ತೆರೆಯುತ್ತಾರೆ. 2016ರ ಉರಿ, 2019ರ ಬಾಲಾಕೋಟ್, 2020ರ ಗಾಲ್ವಾನ್ ನಂತರ ಹೀಗೆ ಆಯಿತು, 2025ರ ಆಪರೇಷನ್ ಸಿಂಧೂರದ ನಂತರವೂ ಆಯಿತು. ಸೇನೆಗಳಿಗೇ ಒಂದೊಂದು ಕೇಸಿಗೆ 300 ಕೋಟಿವರೆಗೆ ಕೊಳ್ಳುವ ಅಧಿಕಾರ ಕೊಡುತ್ತಾರೆ. ಸಾಮಾನು ಬೇಗ ಬರಬೇಕು ಅನ್ನುವುದು ಷರತ್ತು. ಡ್ರೋನ್, ಮದ್ದುಗುಂಡು, ಭುಜದ ಮೇಲಿಂದ ಹಾರಿಸುವ ಕ್ಷಿಪಣಿ ಥರದವಕ್ಕೆ ಇದು ಸರಿ. ಫೈಟರ್ ವಿಮಾನ ಈ ದಾರಿಯಲ್ಲಿ ಬರುವುದಿಲ್ಲ. ತುರ್ತಿಗೆ ಕೊಂಡದ್ದರ ಬಿಡಿಭಾಗದ ಬಗ್ಗೆ ಯಾರೂ ಯೋಚಿಸಿರುವುದಿಲ್ಲ ಅನ್ನುವುದು ಸ್ಟೋರ್ಸ್‌ನವರ ಹಳೇ ಗೊಣಗಾಟ, ಇಲ್ಲೂ ಒಂದು ಸಲ ಗೊಣಗಿ ಮುಂದಕ್ಕೆ ಹೋಗುತ್ತೇನೆ.

ಮುಂದಿನ ಸಲ ಸುದ್ದಿ ಬಂದಾಗ

ಮೊದಲು ಸರ್ಕಾರದ ಪತ್ರಿಕಾ ಪ್ರಕಟಣೆಗಳು ಬರುವ ಪಿಐಬಿ ವೆಬ್‌ಸೈಟಿಗೆ ಹೋಗಿ ಆ ದಿನದ ರಕ್ಷಣಾ ಸಚಿವಾಲಯದ ಪ್ರಕಟಣೆ ತೆರೆಯಿರಿ. ಕನ್ನಡದಲ್ಲೂ ಕೆಲವು ಸಿಗುತ್ತವೆ. ಅದರ ಮೊದಲ ಎರಡು ಸಾಲಿನಲ್ಲಿ ಡಿಎಸಿ ಇದೆಯಾ, ಸಂಪುಟ ಸಮಿತಿ ಇದೆಯಾ, 'ಒಪ್ಪಂದಕ್ಕೆ ಸಹಿ' ಅಂತ ಇದೆಯಾ ನೋಡಿ. ಡಿಎಸಿ ಸುದ್ದಿಯಲ್ಲಿ ಹತ್ತಾರು ಪ್ರಸ್ತಾವಗಳನ್ನು ಒಟ್ಟಿಗೆ ಕೂಡಿಸಿ ಒಂದೇ ದೊಡ್ಡ ಮೊತ್ತ ಹೇಳಿರುತ್ತಾರೆ. ಅದು ಅಂದಾಜು. ಸಹಿ ಆಗುವಾಗ ಬದಲಾಗುತ್ತದೆ. 83 ತೇಜಸ್‌ಗಳಿಗೆ 2016ರಲ್ಲಿ ಹೇಳಿದ್ದು 50,025 ಕೋಟಿ, 2021ರಲ್ಲಿ ಸಂಪುಟ ಸಮಿತಿ ಒಪ್ಪಿದ್ದು 45,696 ಕೋಟಿ, ಅದಕ್ಕೆ ಮೂಲಸೌಕರ್ಯದ 1,202 ಕೋಟಿ ಬೇರೆ. ಕಡಿಮೆ ಆದದ್ದೂ ಉಂಟು ನೋಡಿ.

ಆಮೇಲೆ ಮೊದಲ ವಿಮಾನ ಯಾವ ವರ್ಷ, ಕೊನೆಯದು ಯಾವ ವರ್ಷ ಅಂತ ಬರೆದುಕೊಳ್ಳಿ. ತೆರಿಗೆ ಸೇರಿದೆಯಾ, ನಿರ್ವಹಣೆ ಸೇರಿದೆಯಾ ನೋಡಿ. ಫೆಬ್ರವರಿಯಲ್ಲಿ ಬಜೆಟ್ ಬಂದಾಗ ಬಂಡವಾಳ ವೆಚ್ಚದ ಬೇಡಿಕೆ ತೆರೆದು 'ವಿಮಾನ ಮತ್ತು ಏರೋ ಎಂಜಿನ್' ಸಾಲಿನಲ್ಲಿ ಅಂಕಿ ಏರಿದೆಯಾ ಅಂತ ನೋಡಿ. ದೊಡ್ಡ ಒಪ್ಪಂದ ಆದ ಮೇಲೂ ಆ ಸಾಲು ಏರದಿದ್ದರೆ, ಒಂದೋ ಮುಂಗಡ ಹಿಂದಿನ ವರ್ಷವೇ ಹೋಗಿದೆ, ಇಲ್ಲವೇ ಇನ್ಯಾವುದೋ ಕಂತು ಮುಗಿದು ಜಾಗ ಬಿಟ್ಟಿದೆ, ಇಲ್ಲವೇ ವಿಮಾನ ತಡ ಆಗುತ್ತಿದೆ. ಯಾವುದು ಅಂತ ಸ್ಥಾಯಿ ಸಮಿತಿಯ ವರದಿ ಬಂದಾಗ ಗೊತ್ತಾಗುತ್ತದೆ. ಅದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತದೆ. ಅಷ್ಟರವರೆಗೆ ಕಾದು, ಆಮೇಲೆ ಗ್ರೂಪಿಗೆ ಹಾಕಿ.